ದೊಡ್ಡ ಪಾದ್ರಿಯ ಕೆನ್ನೆಗೆ ಪುಟ್ಟಿ ತುಂಬಿದ್ದು

ಗಂಗಾವತಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಅಲ್ಲಿ ಕೂತು ಜೀವಮಾನವೆಲ್ಲ ಬೋರ್ಡು ಬರೆದೆ, ಲಾರಿಗಳ ಹಿಂದೆ ನವಿಲು ಬರೆದೆ, ಸತ್ತವರ ಭಾವಚಿತ್ರ ಬರೆದೆ. ಕೈ ನಡುಗಲು ಶುರುವಾದಾಗ ನಿಲ್ಲಿಸಿದೆ. ಈಚೆಗೆ ಚಿತ್ರಕಲಾ ಡಿಪ್ಲೊಮಾ ಮುಗಿಸಿದ ತರುಣರು ಮನೆಗೆ ಬರುತ್ತಾರೆ. ಶಾಲೆಗಳ ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಿದೆ, ಏನಾದರೂ ಹೇಳಿಕೊಡಿ ಎನ್ನುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು. ಬಣ್ಣ ಕಲಸುವುದನ್ನು ನಿಮ್ಮ ಕಾಲೇಜಿನವರು ನನಗಿಂತ ಚೆನ್ನಾಗಿ ಕಲಿಸಿರುತ್ತಾರೆ. ಅವರು ಕಲಿಸದೇ ಇರುವಂಥದ್ದು ನನ್ನ ಹತ್ತಿರ ಇದ್ದರೆ, ಅದು ನಾನು ಮಾಡಿದ ತಪ್ಪುಗಳು ಮಾತ್ರ.

ನನ್ನ ಉಸ್ತಾದ್ ಖಾಜಾಸಾಬರು. ಮೊದಲ ಎರಡು ವರ್ಷ ಅವರು ನನಗೆ ಕುಂಚ ಮುಟ್ಟಿಸಲಿಲ್ಲ. ತಗಡಿನ ತುಕ್ಕು ಕೆರೆಯುವುದು, ತುಕ್ಕು ತಿಂದ ಗುಳಿಗಳಿಗೆ ಪುಟ್ಟಿ ತುಂಬುವುದು, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಿ ಕನ್ನಡಿಯ ಹಾಗೆ ಮಾಡುವುದು, ಇಷ್ಟೇ. ಪುಟ್ಟಿಯಲ್ಲಿ ಎರಡು ಬಗೆ. ಚಾಕ್ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ್ದು ಒಣಗಲು ವಾರ ಹಿಡಿಯುತ್ತದೆ. ಲಾರಿಯ ಮೈತಗಡಿಗೆ ಹಾಕುವ ಡಬ್ಬಿಯ ಪುಟ್ಟಿ ಒಂದು ತಾಸಿನಲ್ಲಿ ಕಲ್ಲಾಗುತ್ತದೆ. ತಗಡಿನ ಮೇಲೆ ಒಂದು ಗುಳಿ ಉಳಿದರೂ ಉಸ್ತಾದ್ ನನ್ನನ್ನು ಕರೆದು, "ಗಿರಾಕಿ ಬೋರ್ಡ್ ನೋಡೂದಿಲ್ಲಲೇ ಚನ್ನ, ಗುಳಿ ನೋಡ್ತಾನ" ಎನ್ನುತ್ತಿದ್ದರು. ಹಾಗಾಗಿ ಕಣ್ಣಿಗೆ ಗುಳಿ ಬಿದ್ದರೆ ಬೆರಳು ತಾನಾಗಿ ಪುಟ್ಟಿಯ ಡಬ್ಬಿಗೆ ಹೋಗುವಷ್ಟು ನಾನು ಪಳಗಿದೆ.

ಬೋರ್ಡಿನಿಂದ ಮುಖಗಳಿಗೆ ಬಂದದ್ದು ಸತ್ತವರ ಕಾರಣದಿಂದ. ನಮ್ಮ ಕಡೆ ಬಹಳ ಮನೆಗಳಲ್ಲಿ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಫೋಟೋದವನನ್ನು ಕರೆಸುತ್ತಾರೆ. ಬದುಕಿದ್ದಾಗ ಒಂದೂ ಫೋಟೋ ತೆಗೆಸದವರಿಗೆ ಅದೊಂದೇ ಫೋಟೋ. ಅದು ನನ್ನ ಬಳಿ ಬರುತ್ತಿತ್ತು. ಮುಚ್ಚಿದ ಕಣ್ಣು ತೆರೆಸಬೇಕು, ತೆರೆದ ಬಾಯಿ ಮುಚ್ಚಿಸಬೇಕು, ಹಿಂದಿನಿಂದ ತಲೆ ಹಿಡಿದವರ ಕೈ ಅಳಿಸಬೇಕು. ಮೇಲೆ ಒಂದು ರೇಷ್ಮೆ ರುಮಾಲು, ಹೆಗಲಿಗೆ ಶಾಲು. ಚಿತ್ರ ಕೊಂಡುಹೋಗಲು ಬಂದವರು ತಮ್ಮ ಅಪ್ಪ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಅಂಗಡಿಯಲ್ಲೇ ಅತ್ತದ್ದಿದೆ. ಯಾರ ಮುಖಕ್ಕಾದರೂ ಒಂದಿಷ್ಟು ಅಂದ ಹೆಚ್ಚಿಸಿ ಕೊಡುವುದೇ ನನ್ನ ಧರ್ಮ ಎಂದು ನಾನು ನಂಬಿಬಿಟ್ಟೆ.

ಈ ಧರ್ಮ ಒಮ್ಮೆ ಕುಷ್ಟಗಿಯಲ್ಲಿ ಒಂದು ಮನೆಯನ್ನೇ ಒಡೆಯುವುದರಲ್ಲಿತ್ತು. ತೀರಿಕೊಂಡ ಅಜ್ಜಿಯ ಕೊರಳು ಬೋಳಾಗಿ ಕಂಡಿತೆಂದು ನಾನು ಎರಡೆಳೆಯ ಬೋರಮಾಳ ಸರ ಬರೆದೆ. ಬಂಗಾರದ ಒಂದೊಂದು ಮಣಿಗೂ ಹೊಳಪು ಕೊಟ್ಟಿದ್ದೆ. ವಾರದ ಮೇಲೆ ಅಜ್ಜಿಯ ಗಂಡ ಏದುಸಿರು ಬಿಡುತ್ತ ಅಂಗಡಿಗೆ ಬಂದರು. ಚಿತ್ರ ಗೋಡೆಗೆ ಏರಿದ ದಿನದಿಂದ ಇಬ್ಬರು ಸೊಸೆಯಂದಿರು ಆ ಸರ ಎಲ್ಲಿ ಹೋಯಿತೆಂದು ಟ್ರಂಕು, ಕಾಳಿನ ಗುಮ್ಮಿ, ದೇವರ ಜಗುಲಿ ಎಲ್ಲ ತಡಕುತ್ತಿದ್ದಾರಂತೆ, ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರಂತೆ. "ಹಂತಾ ಸರ ನಮ್ಮ ಮನಿತನದಾಗ ಯಾರೂ ಕಂಡಿಲ್ಲೋ ಮಾರಾಯ, ಬಂದು ಹೇಳು" ಎಂದು ಅವರು ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದರು. ಸೊಸೆಯಂದಿರ ಎದುರಿಗೆ ಸರ ಅಳಿಸಿ ಬಂದೆ. ಅಳಿಸುವಾಗಲೂ ಹಿರಿಯ ಸೊಸೆ ನನ್ನನ್ನು ನಂಬಿದಂತೆ ಕಾಣಲಿಲ್ಲ. ಬರೆದದ್ದನ್ನು ಜನ ಹೀಗೆ ನಂಬುತ್ತಾರೆ ಎಂದು ಅಲ್ಲಿ ಕಲಿತೆ, ಆದರೆ ಕಲಿಯಬೇಕಾದಷ್ಟು ಕಲಿಯಲಿಲ್ಲ.

ಫ್ಲೆಕ್ಸ್ ಬಂದ ಹೊಸದರಲ್ಲಿ ಬೋರ್ಡಿನ ಕೆಲಸ ಅರ್ಧಕ್ಕರ್ಧ ಬಿತ್ತು. ಆಗ ಸಿದ್ದಾಪುರದ ರಸ್ತೆಯ ಒಂದು ಹಳೆಯ ಮಿಷನ್ ಹಾಸ್ಟೆಲಿನಿಂದ ಕರೆ ಬಂತು. ಭತ್ತದ ಗದ್ದೆಗಳ ನಡುವೆ ಕಲ್ಲಿನ ಕಟ್ಟಡ, ಪಕ್ಕದಲ್ಲೊಂದು ಸಣ್ಣ ದವಾಖಾನೆ. ಅಲ್ಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಸ್ಯಾಮುವೆಲ್ ಪಾಸ್ಟರು ನನ್ನನ್ನು ಊಟದ ಹಾಲಿಗೆ ಕರೆದೊಯ್ದು, ಗೋಡೆಯ ಮೇಲಿನ ಆಳೆತ್ತರದ ಚಿತ್ರ ತೋರಿಸಿದರು. ಅಡುಗೆಮನೆಯ ಹೊಗೆ ತಿಂದು ತಿಂದು ಅದು ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿತ್ತು. ಒಳಗೆ ಒಬ್ಬ ಮನುಷ್ಯ ಕೂತಿದ್ದಾನೆ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು.

ಇವರೇ ದೊಡ್ಡ ಪಾದ್ರಿಗಳು ಎಂದರು ಪಾಸ್ಟರು. ಹಾಸ್ಟೆಲು, ದವಾಖಾನೆ ಎಲ್ಲ ಕಟ್ಟಿದವರು. ಸ್ಕಾಟ್ಲೆಂಡಿನಿಂದ ಬಂದವರು, ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಸಭೆಯವರು. ಆ ಸಭೆಯಲ್ಲಿ ಬಿಷಪ್ಪರು ಇರುವುದಿಲ್ಲ, ಹಿರಿಯರು ಕೂಡಿ ಕೂತು ತೀರ್ಮಾನ ಮಾಡುತ್ತಾರೆ. ಈ ಸೀಮೆಯ ಆ ಹಿರಿಯರಿಗೆಲ್ಲ ಇವರು ಹಿರಿಯರು. ನಿಜಾಮರ ಕಾಲದಲ್ಲಿ ಇವರು ಕಚೇರಿ ಮೆಟ್ಟಿಲು ಹತ್ತಿದರೆ ತಹಶೀಲ್ದಾರರೇ ಎದ್ದು ಬರುತ್ತಿದ್ದರಂತೆ. ಎಲ್ಲ ಕೇರಿಯವರೂ ಒಂದೇ ಬಾವಿಯಲ್ಲಿ ನೀರು ಸೇದುವಂತೆ ಮಾಡಿದ್ದು ಇವರ ಒಂದು ಮಾತಂತೆ. ಅಂಥವರು ತಮ್ಮ ಚಿತ್ರ ಬರೆಸಲು ವರ್ಷಗಟ್ಟಲೆ ಒಪ್ಪಿರಲಿಲ್ಲ. ಕೊನೆಗೆ, ಚರ್ಚಿನೊಳಗೆ ಮಾತ್ರ ಹಾಕಕೂಡದು, ಉಣ್ಣುವಲ್ಲಿ ಹಾಕಿ ಎಂದು ಒಪ್ಪಿದರಂತೆ. ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ ಹಾಸ್ಟೆಲಿನ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡುವವರಿದ್ದರು. ಅಷ್ಟರಲ್ಲಿ ಮುಖ ಕಾಣುವಂತೆ ಮಾಡಿಕೊಡಬೇಕಿತ್ತು.

ದೊಡ್ಡವರ ಚಿತ್ರ ಮುಟ್ಟುವ ಮೊದಲು ಕಾಯಿ ಒಡೆಯುವುದು ನನ್ನ ರೂಢಿ. ಚೀಲದಿಂದ ಕಾಯಿ, ಕರ್ಪೂರ ತೆಗೆದದ್ದನ್ನು ನೋಡಿ ಪಾಸ್ಟರು ನಕ್ಕರು. ನಮ್ಮಲ್ಲಿ ಚಿತ್ರಕ್ಕೆ ಇದೆಲ್ಲ ಮಾಡುವುದಿಲ್ಲ, ಆದರೆ ಕಾಯಿಗೆ ನಾವು ಬೇಡ ಅನ್ನುವುದಿಲ್ಲ ಎಂದರು. ಮಧ್ಯಾಹ್ನ ಅದರ ಚಟ್ನಿಯಾಯಿತು.

ಹಳೆಯ ಎಣ್ಣೆಬಣ್ಣದ ಚಿತ್ರ ಒರೆಸಲು ಉಸ್ತಾದ್ ಹೇಳಿಕೊಟ್ಟದ್ದು ಹತ್ತಿ ಮತ್ತು ಬಾಯ ಉಗುಳು. ಕೇಳಲು ಹೇಸಿಗೆ, ಆದರೆ ಅದರಷ್ಟು ಮೆದುವಾಗಿ ಹೊಗೆ ಬಿಡಿಸುವುದು ಬೇರೊಂದಿಲ್ಲ. ಕೋಟಿನ ಕೆಳ ತುದಿಯಿಂದ ಶುರು ಮಾಡಿದೆ. ಅದು ಕಪ್ಪು ಕೋಟು ಎಂದುಕೊಂಡಿದ್ದೆ. ಒರೆಸಿದಂತೆ ಒರೆಸಿದಂತೆ ಅದರೊಳಗಿಂದ ಹಸಿರು ಬಂತು, ನೇರಳೆ ಬಂತು, ಕಂದು ಬಂತು. ಬರೆದವನು ಕಪ್ಪು ಬಣ್ಣವನ್ನು ಮುಟ್ಟಿಯೇ ಇರಲಿಲ್ಲ. ಎರಡನೆಯ ದಿನ ಪುಸ್ತಕದ ಮೇಲಿಟ್ಟ ಕೈ ಹೊರಬಿತ್ತು. ಹೆಬ್ಬೆರಳಿನ ಉಗುರು ಒಂದು ಕಡೆ ಸೀಳಿತ್ತು, ಚರ್ಮದ ಕೆಳಗೆ ನರ ಹರಿಯುವುದು ಕಾಣುತ್ತಿತ್ತು. ನಾನು ಹತ್ತಿ ಕೆಳಗಿಟ್ಟು, ಸ್ಟೂಲಿನಿಂದ ಇಳಿದು, ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ಇಷ್ಟು ವರ್ಷ ನಾನು ಮಾಡಿದ್ದನ್ನೂ ಇದನ್ನೂ ಒಂದೇ ಹೆಸರಿನಿಂದ ಕರೆಯುತ್ತಾರಲ್ಲ ಎಂದುಕೊಂಡೆ. ಬರೆದವನ ಹೆಸರಿಗಾಗಿ ನಾಲ್ಕೂ ಮೂಲೆ ಹುಡುಕಿದೆ. ಎಲ್ಲಿಯೂ ಇರಲಿಲ್ಲ.

ಮೂರನೆಯ ದಿನ ಮುಖ ಬಂತು. ಬಿಳಿ ಗಡ್ಡ, ನೇರ ನೋಡುವ ಬೂದುಗಣ್ಣು. ಅವರು ನನ್ನನ್ನು ನೋಡಿದಾಗ ನಾನು ಉಗುಳು ಹಚ್ಚಿದ ಹತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ ಎಂದರೆ ನೀವು ನಗುತ್ತೀರಿ. ಆದರೆ ಕೆನ್ನೆಗಳ ತುಂಬ, ಹಣೆಯ ತುಂಬ ಸಣ್ಣ ಸಣ್ಣ ಗುಳಿಗಳು. ಒಳಗೆಲ್ಲ ಹೊಗೆ ಮೆತ್ತಿ ಕಪ್ಪಾಗಿದ್ದವು. ಅಡುಗೆಮನೆಯ ಝಳಕ್ಕೆ ಬಣ್ಣ ಗುಳ್ಳೆ ಎದ್ದು ಉದುರಿದೆ ಎಂದುಕೊಂಡೆ. ಇಂಥ ಮುಖಕ್ಕೆ ಇಂಥ ಗತಿಯೇ ಎಂದು ಮರುಗಿದೆ.

ಮುಂದಿನದನ್ನು ನೀವು ಊಹಿಸಿರಬಹುದು. ಡಬ್ಬಿಯ ತಳದಲ್ಲಿ ಉಳಿದಿದ್ದ ಲಾರಿ ಪುಟ್ಟಿಯನ್ನು ಹಣೆಗೆ ತುಂಬಿದೆ, ಪಾಲಿಶ್ ಪೇಪರಿನಿಂದ ತಿಕ್ಕಿದೆ. ಡಬ್ಬಿ ಖಾಲಿಯಾದದ್ದರಿಂದ ಕೆನ್ನೆಗಳಿಗೆ ಅಗಸೆ ಎಣ್ಣೆಯ ಪುಟ್ಟಿ ಕಲಸಿದೆ. ಅದರ ಮೇಲೆ ಮೈಬಣ್ಣಕ್ಕೆ ಒಂದಿಷ್ಟು ಗುಲಾಬಿ ಬೆರೆಸಿ ಸವರಿದೆ. ದೊಡ್ಡ ಪಾದ್ರಿಗಳಿಗೆ ಇಪ್ಪತ್ತು ವರ್ಷ ಕಡಿಮೆಯಾಯಿತು. ಪಾಸ್ಟರು ಕೈ ಕುಲುಕಿದರು. ಪಾದ್ರಿಗಳನ್ನು ಕಣ್ಣಾರೆ ಕಂಡಿರದ ಹಾಸ್ಟೆಲ್ ಕಮಿಟಿಯವರು ಬಂದು ನೋಡಿ ಶಹಬ್ಬಾಸ್ ಎಂದರು. ನಾನು ಕಾಲರ್ ಎತ್ತಿಕೊಂಡು ಮನೆಗೆ ಹೋದೆ.

ಮರುದಿನ, ಮಂಗಳವಾರ, ಚೌಕಟ್ಟಿಗೆ ವಾರ್ನಿಶ್ ಹಚ್ಚುತ್ತಿದ್ದಾಗ ದೀನಮ್ಮನವರು ಬಂದರು. ಇದೇ ಹಾಸ್ಟೆಲಿನಲ್ಲಿ ಬೆಳೆದು, ಇದೇ ದವಾಖಾನೆಯಲ್ಲಿ ನರ್ಸಾಗಿ ದುಡಿದು, ನಿವೃತ್ತಿಯ ನಂತರ ಯಲಬುರ್ಗಾದಲ್ಲಿ ತಾವು ಮಗಳಂತೆ ಸಾಕಿದ್ದ ಒಬ್ಬಳ ಮನೆಯಲ್ಲಿದ್ದವರು. ಭಾನುವಾರದ ಕೂಟಕ್ಕೆ ನಾಲ್ಕೈದು ದಿನ ಮೊದಲೇ ಬಂದಿದ್ದರು. ತಲೆಯ ಮೇಲೆ ಬಿಳಿ ಸೀರೆಯ ಸೆರಗು, ಅದು ಹುಬ್ಬಿನವರೆಗೂ ಇಳಿದಿತ್ತು. ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚಿತ್ರದ ಕೆಳಗೆ ಬಂದು, ತುಂಬ ಹೊತ್ತು ನೋಡಿದರು.

"ಇವರು ಯಾರ್ರಿ?" ಎಂದರು.

ಪಾಸ್ಟರು ಅವರಿಗೆ ಕಣ್ಣು ಮಂಜಾಗಿದೆ ಎಂದುಕೊಂಡು, ದೊಡ್ಡ ಪಾದ್ರಿಗಳನ್ನು ತೊಳೆಸಿದ್ದೇವೆ ಎಂದು ಜೋರಾಗಿ ಹೇಳಿದರು.

"ಅಲ್ರಿ. ಅವರ ಮಕ ನನಗ ಗೊತ್ತೈತಿ. ಇದು ಅವರದಲ್ಲ."

ಹಾಗೆ ಹೇಳಿ ಅವರು ನನ್ನತ್ತ ತಿರುಗಿದರು. ಕಿಟಕಿಯ ಬೆಳಕು ಅವರ ಮುಖದ ಮೇಲೆ ಬಿತ್ತು. ಕೆನ್ನೆಯ ತುಂಬ, ಮೂಗಿನ ತುದಿಯವರೆಗೆ, ಸಿಡುಬಿನ ಗುಳಿಗಳು. ನಾನು ಪುಟ್ಟಿ ತುಂಬಿದ್ದು ಉದುರಿದ ಬಣ್ಣಕ್ಕಲ್ಲ, ಪಾದ್ರಿಗಳ ಸಿಡುಬಿನ ಕಲೆಗಳಿಗೆ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಅವರು ಸಿಟ್ಟು ಮಾಡಲಿಲ್ಲ. ಬೆಂಚಿನ ಮೇಲೆ ಕೂತು, ಯಾರದೋ ಸುದ್ದಿ ಹೇಳುವಂತೆ ಹೇಳಿದರು. ಅವರು ಎರಡು ವರ್ಷದ ಕೂಸಾಗಿದ್ದಾಗ ಹುಲಿಹೈದರದ ಆಚೆಯ ನಾಲ್ಕು ಮನೆಗಳ ಒಂದು ದೊಡ್ಡಿಯಲ್ಲಿ ದೇವಿ ಬೇನೆ, ಅಂದರೆ ಸಿಡುಬು, ಬಂದು ಮನೆಯವರೆಲ್ಲ ಹೋದರಂತೆ. ಮುಟ್ಟಲು ಯಾರೂ ಬಾರದಿದ್ದಾಗ ದೊಡ್ಡ ಪಾದ್ರಿಗಳು ತಮ್ಮ ಕಂಬಳಿಯಲ್ಲಿ ಸುತ್ತಿ ಎತ್ತಿನ ಬಂಡಿಯಲ್ಲಿ ತಂದರಂತೆ. ಕೂಸು ಉಳಿಯಿತು. ಎರಡು ವಾರದಲ್ಲಿ ಪಾದ್ರಿಗಳು ಮಲಗಿದರು. ಅದಕ್ಕೆ ಲಸಿಕೆ ಹಾಕಿಸಿಕೊಂಡವರಿಗೂ ಒಮ್ಮೊಮ್ಮೆ ಅದು ಬರುತ್ತಿತ್ತಂತೆ. ಅವರೂ ಉಳಿದರು, ಆದರೆ ಮುಖ ಹೀಗಾಯಿತು. ಮುಂದೆ ದೀನಮ್ಮ ಬೆಳೆದ ಮೇಲೆ, ಆ ಹುಡುಗಿಯಿಂದಲೇ ದೊಡ್ಡವರಿಗೆ ಹತ್ತಿತು ಎಂದು ಹಾಸ್ಟೆಲೆಲ್ಲ ಆಡಿಕೊಂಡರು. ಊಟದ ಪಂಕ್ತಿಯಲ್ಲಿ ಯಾರೂ ಅವರ ಪಕ್ಕ ಕೂರುತ್ತಿರಲಿಲ್ಲ. ಇದು ಪಾದ್ರಿಗಳ ಕಿವಿಗೆ ಬಿತ್ತು. ಒಂದು ದಿನ ಅವರು ತಮ್ಮ ತಾಟು ಹಿಡಿದುಕೊಂಡು ಬಂದು, ಇದೇ ಹಾಲಿನಲ್ಲಿ, ದೀನಮ್ಮನ ಪಕ್ಕ ನೆಲಕ್ಕೆ ಕೂತರು.

"ತಮ್ಮ ಗಲ್ಲ ನನ್ನ ಗಲ್ಲಕ್ಕ ಹಚ್ಚಿ ಎಲ್ಲಾರಿಗೂ ತೋರ್ಸಿದ್ರು. ನೋಡ್ರಿ, ನಾವಿಬ್ಬರೂ ಒಂದ ಮನಿಯವರು ಅಂದ್ರು. ಆ ಮ್ಯಾಲೆ ಯಾರೂ ಮಾತಾಡ್ಲಿಲ್ಲ."

ಚಿತ್ರಗಾರ ಬಂದಾಗಲೂ ಮುಖ ನಯವಾಗಿ ಬರೆಯುತ್ತೇನೆ ಎಂದಿದ್ದನಂತೆ. ಹಾಗಾದರೆ ಪೆಟ್ಟಿಗೆ ಕಟ್ಟಿಕೊಂಡು ಹೊರಡಿ ಎಂದರಂತೆ ಪಾದ್ರಿಗಳು. ಅವರು ಹಾಕಿದ ಎರಡನೆಯ ಷರತ್ತು ಅದು. ಅದನ್ನು ಕಿವಿಯಾರೆ ಕೇಳಿದವರಲ್ಲಿ ದೀನಮ್ಮ ಒಬ್ಬರೇ ಉಳಿದಿದ್ದರು.

"ಈ ಮಕ ತಗೊಂಡು ಇಷ್ಟು ವರ್ಷ ತಿರಗ್ಯಾಡೀನ್ರಿ. ಇದಕ್ಕ ಜೋಡಿ ಅಂತ ಇದ್ದದ್ದು ಅದೊಂದ ಮಕ," ಎಂದರು.

ಕಮಿಟಿಯವರು ಹೆದರಿದರು. ಕೆರೆಯಲು ಹೋಗಿ ಇದ್ದದ್ದೂ ಹೋದರೆ ಭಾನುವಾರ ಬರುವವರಿಗೆ ಏನು ತೋರಿಸುವುದು, ಚೆನ್ನಾಗಿಯೇ ಇದೆ, ಬಿಟ್ಟುಬಿಡಿ ಎಂದರು. ಪಾಸ್ಟರು ನನ್ನ ಮುಖ ನೋಡಿದರು. ನಾನು ಉಸ್ತಾದರ ಮನೆಗೆ ಓಡಿದೆ. ಆಗ ಅವರು ಹಾಸಿಗೆ ಹಿಡಿದಿದ್ದರು. ಎಲ್ಲ ಕೇಳಿ ಕಣ್ಣು ಮುಚ್ಚಿಕೊಂಡರು. ಬೈಗುಳಕ್ಕೆ ಕಾದು ನಿಂತಿದ್ದೆ. "ತಪ್ಪು ನಂದೂ ಐತಲೇ. ಗುಳಿ ತುಂಬೂದು ಕಲಿಸ್ದೆ, ಯಾವುದು ತುಂಬಬಾರದು ಅಂತ ಕಲಿಸ್ಲಿಲ್ಲ," ಎಂದರು. ಆಮೇಲೆ, ಎಣ್ಣೆ ಪುಟ್ಟಿ ಇನ್ನೂ ಹಸಿ ಇರುತ್ತದೆ, ಕಬ್ಬಿಣ ಮುಟ್ಟಿಸಬೇಡ, ಜಾಲಿಮುಳ್ಳಿನಿಂದ ತೆಗೆ, ಸಬರ್ ಇಟ್ಟುಕೋ, ಅವಸರ ಮಾಡಬೇಡ ಎಂದರು.

ಬುಧವಾರದಿಂದ ಮೂರು ದಿನ ನಾನು ಆ ಕೆನ್ನೆಗಳ ಮುಂದೆ ಕೂತೆ. ಟರ್ಪೆಂಟೈನ್ ಹತ್ತಿಯಿಂದ ನನ್ನ ಗುಲಾಬಿ ಬಣ್ಣ ಎತ್ತುವುದು, ಮುಳ್ಳಿನ ತುದಿಯಿಂದ ಒಂದೊಂದು ಗುಳಿಯ ಪುಟ್ಟಿ ಬಿಡಿಸುವುದು. ಮುಳ್ಳು ಮೊಂಡಾದರೆ ಎಸೆದು ಬೇರೆಯದು. ಮೊದಲ ಗುಳಿ ಖಾಲಿಯಾದಾಗ ಅದರ ಮೇಲೆ ಭೂತಗನ್ನಡಿ ಹಿಡಿದೆ. ಬಣ್ಣ ಹಸಿಯಿದ್ದಾಗಲೇ ಕುಂಚದ ಹಿಂಬದಿಯಿಂದ ಒತ್ತಿ ಮಾಡಿದ ಗುಳಿ ಅದು. ಒಂದು ಅಂಚಿಗೆ ಕೂದಲೆಳೆಯಷ್ಟು ನೆರಳು, ಎದುರು ಅಂಚಿಗೆ ಅದಕ್ಕಿಂತ ಸಣ್ಣ ಬೆಳಕು. ಎರಡನೆಯದು ಹಾಗಿರಲಿಲ್ಲ, ಅದರ ಆಳವೇ ಬೇರೆ, ಬೆಳಕೇ ಬೇರೆ. ಸಾಸಿವೆಯಷ್ಟು ಜಾಗಕ್ಕೆ ಆ ಮನುಷ್ಯ ಅಷ್ಟು ಹೊತ್ತು ಕೊಟ್ಟಿದ್ದ. ಇದನ್ನು ಉದುರಿದ ಬಣ್ಣ ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಬೆರಗು. ಹೇಮಗುಡ್ಡದ ಮೇಲೆ ನಿಂತು ಕೆಳಗಿನ ಸೀಮೆಯನ್ನೆಲ್ಲ ಒಟ್ಟಿಗೆ ನೋಡಿದಾಗಲೂ ನನಗೆ ಅಷ್ಟು ಬೆರಗಾದದ್ದಿಲ್ಲ. ದೀನಮ್ಮನವರು ದಿನವೂ ಬಂದು ಬೆಂಚಿನ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಶುಕ್ರವಾರ ಸಂಜೆಗೆ ಎರಡೂ ಕೆನ್ನೆ ಬಂದವು.

ಹಣೆ ಬರಲಿಲ್ಲ. ಅಲ್ಲಿ ಲಾರಿ ಪುಟ್ಟಿ ಕಲ್ಲಾಗಿತ್ತು. ಒಂದು ಮೂಲೆಯಲ್ಲಿ ತಿನ್ನರ್ ಮುಟ್ಟಿಸಿ ನೋಡಿದೆ. ಪುಟ್ಟಿಯ ಜೊತೆಗೆ ಬಣ್ಣವೂ ಎದ್ದುಬಂದು ಕೆಳಗಿನ ಬಟ್ಟೆ ಕಂಡಿತು. ಆ ಅಂಗೈಯಗಲದ ಜಾಗವನ್ನು ನಾನು ಶಾಶ್ವತವಾಗಿ ಕಳೆದಿದ್ದೆ. ಹಳೆಯ ಫೋಟೋ ಏನಾದರೂ ಇದೆಯೇ ಎಂದು ಪಾಸ್ಟರು ಕಪಾಟುಗಳನ್ನೆಲ್ಲ ತೆಗೆದು ನೋಡಿದರು. ದೂರದಿಂದ ತೆಗೆದ ಒಂದು ಗುಂಪಿನ ಫೋಟೋ ಸಿಕ್ಕಿತು, ಅದರಲ್ಲಿ ಅವರು ಟೊಪ್ಪಿಗೆ ಹಾಕಿದ್ದರು.

ಶನಿವಾರ ಬೆಳಿಗ್ಗೆ ದೀನಮ್ಮನವರ ಎದುರು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಹಣೆಯ ಮೇಲೆ ಹೇಗಿದ್ದವು ನೆನಪಿದೆಯೇ ಎಂದು ಕೇಳಿದೆ. ಅವರು ಚಿತ್ರದ ಹಣೆಯನ್ನು ನೋಡಿ, ಇಲ್ಲ ಎಂದರು. ಸುಮ್ಮನೆ ನಾಲ್ಕು ಗುಳಿ ಒತ್ತಿಬಿಡಿ ಎಂದರು ಕಮಿಟಿಯ ಒಬ್ಬರು. ಮೊದಲಿನ ನಾನಾಗಿದ್ದರೆ ಒತ್ತುತ್ತಿದ್ದೆ. ಸತ್ತವರಿಗೆ ಕಣ್ಣು ಬರೆದವನಿಗೆ ನಾಲ್ಕು ಗುಳಿ ಯಾವ ಲೆಕ್ಕ? ಆದರೆ ಆ ಕೆನ್ನೆಗಳ ಮುಂದೆ ಮೂರು ದಿನ ಕೂತ ಮೇಲೆ, ಇಲ್ಲದ್ದನ್ನು ಆ ಮುಖದ ಮೇಲೆ ಬರೆಯಲು ನನ್ನ ಕೈ ಏಳಲಿಲ್ಲ. ನನ್ನಿಂದ ಆಗುವುದಿಲ್ಲ ಎಂದೆ.

ದೀನಮ್ಮನವರು ಎದ್ದರು. ಒಂದು ಕುರ್ಚಿಯನ್ನು ತಾವೇ ಎಳೆದು ಕಿಟಕಿಯ ಬಳಿ, ಚಿತ್ರದ ಮುಖಕ್ಕೆ ಬೆಳಕು ಬಿದ್ದಿದ್ದ ಕಡೆಯಿಂದಲೇ ತಮಗೂ ಬೀಳುವಂತೆ ಇಟ್ಟುಕೊಂಡು ಕೂತರು. ಓಟಿನ ಕಾರ್ಡಿಗೆ ಬಿಟ್ಟರೆ ಜೀವನದಲ್ಲಿ ಫೋಟೋ ತೆಗೆಸಿಕೊಂಡವರಲ್ಲ ಎಂದು ಪಾಸ್ಟರು ಆಮೇಲೆ ಹೇಳಿದರು. ಅವರು ಎರಡೂ ಕೈಯಿಂದ ಸೆರಗನ್ನು ಹಿಂದಕ್ಕೆ ಸರಿಸಿದರು. ನಾನು ಮೊದಲ ಸಲ ಅವರ ಹಣೆ ನೋಡಿದೆ.

"ಇಲ್ಲಿಂದ ತಗೋರಿ," ಎಂದರು.

ಕಮಿಟಿಯವರು ಒಬ್ಬೊಬ್ಬರಾಗಿ ಹೊರಗೆ ಹೋದರು. ನಾನು ಚಿತ್ರದ ಹಣೆಗೆ ದಪ್ಪಗೆ ಬಣ್ಣ ಹಾಕಿ, ಕುಂಚ ತಿರುಗಿಸಿ ಹಿಡಿದು, ಅವರನ್ನು ನೋಡುತ್ತ ಒಂದೊಂದೇ ಒತ್ತಿದೆ. ಒಂದು ಅಂಚಿಗೆ ನೆರಳು, ಎದುರು ಅಂಚಿಗೆ ಬೆಳಕು. ಒಂದು ಮುಖವನ್ನು ಅದು ಇದ್ದ ಹಾಗೆ ನಾನು ಬರೆದದ್ದು ಅದೇ ಮೊದಲು. ಅವರು ಕಣ್ಣು ಮಿಟುಕಿಸದೆ ಕೂತಿದ್ದರು. ಕೂತವರು ದೀನಮ್ಮನೋ ಪಾದ್ರಿಗಳೋ ಎಂದು ನನಗೆ ನಡುನಡುವೆ ಮರೆತುಹೋಗುತ್ತಿತ್ತು.

ಈಗಲೂ ಆ ಚಿತ್ರ ಅಲ್ಲಿಯೇ ಇದೆ, ಹೋಗಿ ನೋಡಿ. ಕೆನ್ನೆಗೂ ಹಣೆಗೂ ಕೈ ಬೇರೆ ಎಂದು ಬಲ್ಲವರಿಗೆ ಗೊತ್ತಾಗುತ್ತದೆ. ಹಣೆಯ ಕೆಲಸ ಒರಟು. ನನ್ನಿಂದ ಅಷ್ಟೇ ಆದದ್ದು.

ಮಧ್ಯಾಹ್ನ ಮುಗಿಸಿ ಸ್ಟೂಲಿನಿಂದ ಇಳಿದೆ. ದೀನಮ್ಮನವರು ಎದ್ದು, ಬರಿದಲೆಯಲ್ಲೇ ಚಿತ್ರದ ಹತ್ತಿರ ಹೋದರು. ಕೈ ಮುಗಿಯಲಿಲ್ಲ, ಅವರ ಸಭೆಯಲ್ಲಿ ಅದಿಲ್ಲ. ಹಸಿ ಬಣ್ಣ ಮುಟ್ಟದಂತೆ ಬೆರಳನ್ನು ಒಂದಂಗುಲ ದೂರದಲ್ಲೇ ಹಿಡಿದು ಆ ಹಣೆಯ ಮೇಲೆ ಆಡಿಸಿದರು. ಆಮೇಲೆ ಅವರು ಹೇಳಿದ್ದು ನನಗೋ, ಪಾಸ್ಟರಿಗೋ, ಚಿತ್ರದಲ್ಲಿದ್ದವರಿಗೋ ತಿಳಿಯಲಿಲ್ಲ.

"ಆವತ್ತು ಈ ಗುಳಿ ಅವರು ಕೇಳದ ಇದ್ರೂ ಕೊಟ್ಟಿದ್ದೆ. ಇವತ್ತು ಕೇಳಿ ಇಸ್ಕೊಂಡ್ರು ನೋಡ್ರಿ."